ಹೂವಿಗೆ ಬರುವವಳು

ಸಾವಿನ ಮನೆಯ ಹಿತ್ತಿಲಲ್ಲಿ ನಡೆದದ್ದನ್ನು ಬೀದಿಗೆ ತರಬಾರದು. ಆದರೂ ಹೇಳದೆ ಬಿಟ್ಟರೆ ಸತ್ತವರ ಮೇಲೆ ಬಿದ್ದ ಮಾತು ಹಾಗೆಯೇ ಉಳಿದುಬಿಡುತ್ತದೇನೋ ಎಂಬ ಭಯ. ಹೇಳಿದ್ದು ತಪ್ಪೆಂದು ತೋರಿದರೆ ಓದುವವರು ಕ್ಷಮಿಸಬೇಕು.

ಹಂಡೆಯ ನೀರು ಕುದಿಯುವುದಕ್ಕೆ ಬಂದಿತ್ತು. ಗಂಗಾಲಕ್ಷ್ಮಿ ಒಲೆಯೊಳಕ್ಕೆ ನೀಲಗಿರಿ ಸೌದೆ ತಳ್ಳುತ್ತಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಳು. ಹೊಗೆ ಇದ್ದದ್ದು ಒಳ್ಳೆಯದೇ ಆಯಿತು. ನೆರೆಮನೆಯವಳು ಅಷ್ಟೊಂದು ಅಳುವುದೇಕೆ ಎಂದು ಯಾರೂ ಕೇಳಲಿಲ್ಲ.

ನಡುಮನೆಯ ಚಾಪೆಯ ಮೇಲೆ ಸುನಂದಮ್ಮ ಮಲಗಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ವೇಮಗಲ್ ಪಕ್ಕದ ಆ ಊರಿಗೆಲ್ಲ ಸಿಸ್ಟರಮ್ಮ. ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

"ಒಳ್ಳೆ ಹೆಂಗ್ಸೇ, ಇಲ್ಲ ಅನ್ನಲ್ಲ," ಎಂದಳು ಎದುರುಮನೆಯ ಆವಲಮ್ಮ, ಮೈ ತೊಳೆಯಲು ಸೀರೆ ಎತ್ತಿ ಕಟ್ಟುತ್ತಾ. "ಆದ್ರೆ ಒಂದು ಮೊಳ ಕನಕಾಂಬರ ಕೇಳಿದ್ರೆ ಗಿಡದಲ್ಲಿಲ್ಲ ಅನ್ನೋಳು. ಈ ಗಂಗಾಲಕ್ಷ್ಮಿಗೆ ಮಾತ್ರ ದಿನಾ ಸಂಜೆ ಹೂವು. ಏನ್ ಮದ್ದು ಹಾಕಿದ್ಯೇ ಅವಳಿಗೆ?"

"ಕೇಳೋ ಥರ ಕೇಳ್ಬೇಕು ದೊಡ್ಡಮ್ಮ."

"ಅಬ್ಬಬ್ಬಾ! ಇನ್ಮೇಲೆ ಕೈಮುಗಿದು ಕೇಳ್ತೀನಿ, ಗಿಡಾನೇ ಕೊಡ್ತಾಳೇನೋ," ಎಂದ ಆವಲಮ್ಮ, ಕೊಡುವವಳೇ ಇನ್ನಿಲ್ಲವೆಂಬುದು ನೆನಪಾಗಿ ಮೂಗೆಳೆದುಕೊಂಡಳು.

ಒಳಗೆ ಸೊಸೆ ಅರ್ಪಿತ, ಉಡಿಸಲು ಸೀರೆ ಬೇಕೆಂದು ಅತ್ತೆಯ ಟ್ರಂಕು ತೆರೆದಿದ್ದಳು. ಸೀರೆ ಎಳೆದಾಗ ಅದರ ಮಡಿಕೆಯಿಂದ ಒಂದು ಪುಟ್ಟ ಬಟ್ಟೆಯ ಚೀಲ ಕೆಳಗೆ ಬಿತ್ತು. ಬಾಯಿ ಬಿಚ್ಚಿಕೊಂಡು, ಒಳಗಿದ್ದ ಬಿಳಿ ಮಾತ್ರೆ ಡಬ್ಬಿ ಉರುಳಿ ಹಿತ್ತಿಲ ಬಾಗಿಲಿನವರೆಗೂ ಬಂತು.

ಗಂಗಾಲಕ್ಷ್ಮಿ ತಳ್ಳುತ್ತಿದ್ದ ಸೌದೆ ಒಲೆಯ ಬಾಯಲ್ಲೇ ನಿಂತಿತು. ಆ ಚೀಲವನ್ನು ಹಳೆಯ ರವಿಕೆ ಹರಿದು ಹೊಲಿದವಳು ಅವಳೇ.

ಡಬ್ಬಿ ಎತ್ತಿಕೊಂಡವನು ಸುನಂದಮ್ಮನ ಅಣ್ಣನ ಮಗ ವೆಂಕಟ್. ಕೋಲಾರದ ಮೆಡಿಕಲ್ ಸ್ಟೋರಿನಲ್ಲಿ ಅವನ ಕೆಲಸ. ಮೇಲಿನ ಹೆಸರು ಓದಿ, ಸುನಂದಮ್ಮನ ಮಗ ನರೇಶನನ್ನು ಪಕ್ಕಕ್ಕೆ ಕರೆದ.

"ಇದು ಎಚ್‌ಐವಿ ಇರೋರು ತಗೊಳ್ಳೋ ಮಾತ್ರೆ ಕಣಣ್ಣ."

"ಅಮ್ಮನ ಟ್ರಂಕಲ್ಲಿ ಯಾಕಿರ್ತದೆ?"

"ನನ್ನನ್ನ ಕೇಳಿದ್ರೆ? ಅರ್ಧ ಖಾಲಿಯಾಗಿದೆ ನೋಡು. ಆಸ್ಪತ್ರೇಲಿ ಯಾವಾಗ್ಲೋ ಸೂಜಿ ಚುಚ್ಕೊಂಡಿರ್ಬೇಕು. ಪಾಪ, ಯಾರಿಗೂ ಹೇಳಿಲ್ಲ ಅತ್ತೆ."

ಪಿಸುಮಾತೇ, ಆದರೆ ಸಾವಿನ ಮನೆಯಲ್ಲಿ ಪಿಸುಮಾತಿಗೇ ಕಿವಿ ಹೆಚ್ಚು. ಎತ್ತಿ ಕಟ್ಟಿದ್ದ ಸೀರೆಗಳು ಒಂದೊಂದಾಗಿ ಕೆಳಗಿಳಿದವು.

"ಅಯ್ಯೋ ದೇವುಡಾ," ಎಂದಳು ಆವಲಮ್ಮ. "ನಂಗೆ ಬೆಳಿಗ್ಗೆಯಿಂದ ಸೊಂಟ ಹಿಡ್ಕೊಂಡಿದೆ, ಬಗ್ಗಕ್ಕಾಗಲ್ಲ. ದೂರದಿಂದ ನಾಲ್ಕು ಚೊಂಬು ನೀರು ಹುಯ್ದ್ರೆ ಆಗಲ್ವೇನ್ರೇ?"

ಯಾರೂ ಆಗುವುದಿಲ್ಲ ಎನ್ನಲಿಲ್ಲ. ಅರ್ಪಿತ ಸೀರೆಯನ್ನು ಎದೆಗವುಚಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ನಿಂತಳು.

ಅದು ನನ್ನದು ಎಂದರೆ ಮುಗಿಯುತ್ತಿತ್ತು. ಆದರೆ ಹೆಂಗಸರ ಗುಂಪಿನಲ್ಲಿ ಗಂಗಾಲಕ್ಷ್ಮಿಯ ಅತ್ತೆ ಶಾಮಲಮ್ಮ ಕೂತಿದ್ದಳು. ಗಂಡ ಭೀಮರಾಜ್ ತೀರಿಕೊಂಡ ಮೇಲೆ ತಲೆಯ ಮೇಲಿದ್ದ ಸೂರು ಆ ಅತ್ತೆಯದು. ಮಗಳು ಶಿವಾನಿಗೆ ಮಾಲೂರಿನ ಕಡೆಯಿಂದ ಸಂಬಂಧ ಕೇಳಿಕೊಂಡು ಬಂದಿದ್ದರು. ಬಾಯಿ ಬಿಟ್ಟರೆ ಎರಡೂ ಹೋದಂತೆ.

*

ಶಿವಾನಿ ಹೊಟ್ಟೆಯಲ್ಲಿದ್ದಾಗಲೇ ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಹೆರಿಗೆ ಆಸ್ಪತ್ರೆಯಲ್ಲೇ ಆಗುವಂತೆ ನೋಡಿಕೊಂಡು, ನೋವು ಬಂದಾಗ ಮಾತ್ರೆ ನುಂಗಿಸಿ, ಕೂಸಿನ ಬಾಯಿಗೆ ಔಷಧದ ಹನಿ ಬಿಟ್ಟವರು ಸುನಂದಮ್ಮ. ಮಗು ಪಾರಾಯಿತು. ತಾಯಿಯ ಚಿಕಿತ್ಸೆ ಮಾತ್ರ ಕುಂಟುತ್ತಲೇ ಇತ್ತು. ಮಾತ್ರೆ ತಪ್ಪಿಸಿದ್ದಕ್ಕೆ ಆಸ್ಪತ್ರೆಯವರೆಲ್ಲ ಬೈದರು. ಕೊನೆಗೊಂದು ದಿನ ಸುನಂದಮ್ಮ ಅವಳನ್ನು ಆಸ್ಪತ್ರೆ ಅಂಗಳದ ಮರದ ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿದರು.

"ಯಾಕೆ ನುಂಗ್ಲಿಲ್ಲ ಅಂತ ಕೇಳಲ್ಲ. ಮನೇಲಿ ಎಲ್ಲಿಡ್ತೀಯ, ಅದನ್ನ ಹೇಳು."

ಆ ಪ್ರಶ್ನೆಯನ್ನು ಅವಳಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

"ಅಕ್ಕಿ ಡಬ್ಬದಲ್ಲಿಟ್ಟೆ, ಅತ್ತೆ ಕೈ ಹಾಕ್ತಾರೆ. ಕೊಟ್ಟಿಗೆ ಸೂರಲ್ಲಿ ಸಿಗಿಸಿದೆ, ಇಲಿ ಎಳ್ಕೊಂಡ್ಹೋಯ್ತು ಸಿಸ್ಟರ್."

"ಇಲಿಯಾದ್ರೂ ದಿನಾ ತಪ್ಪದೆ ನುಂಗ್ತಂತೇನೇ?"

ಗಂಗಾಲಕ್ಷ್ಮಿಗೆ ನಗು ಬಂತು. ನಗುತ್ತಲೇ ಅತ್ತಳು. ಅಳು ನಿಲ್ಲುವವರೆಗೂ ಸುನಂದಮ್ಮ ಕಾದರು.

"ನಮ್ಮನೇಲಿ ಕನಕಾಂಬರ ಹಾಕಿದೀನಿ. ಮಗಳ ಜಡೆಗೆ ಅಂತ ಹೇಳಿ ಸಂಜೆ ಹೂವಿಗೆ ಬಾ. ಡಬ್ಬಿ ನನ್ನ ಹತ್ರ ಇರ್ಲಿ, ಅಲ್ಲೇ ನುಂಗಿ ಹೋದ್ರಾಯ್ತು."

ಅಂದಿನಿಂದ ಅವಳು ಹೂವಿಗೆ ಬರುವವಳಾದಳು. ಒಂದು ಸಂಜೆ ಬಾರದಿದ್ದರೆ, ಹೂವು ಬಾಡ್ತಾ ಇದೆ ಎಂದು ಬೇಲಿಯಾಚೆಯಿಂದ ಕೂಗು ಬರುತ್ತಿತ್ತು. ಗಿಡದಲ್ಲಿ ಹೂವು ಕಡಿಮೆಯಾದ ದಿನಗಳಲ್ಲಿ ಸುನಂದಮ್ಮ ಬೇರೆ ಯಾರಿಗೂ ಕೊಡುತ್ತಿರಲಿಲ್ಲ; ಗಂಗಾಲಕ್ಷ್ಮಿ ಬರಿಗೈಯಲ್ಲಿ ಹಿಂದಿರುಗುವಂತಿರಲಿಲ್ಲ. ಜಿಪುಣಿ, ಜಂಬದ ಹೆಂಗಸು ಎಂದು ಊರು ಆಡಿಕೊಂಡಿತು. ವೇಮಗಲ್ಲಿನ ಫ್ಯಾಕ್ಟರಿಯಿಂದ ಕತ್ತಲಾದ ಮೇಲೆ ಬರುತ್ತಿದ್ದ ಅರ್ಪಿತಳಿಗೆ ಇದಾವುದೂ ತಿಳಿದಿರಲಿಲ್ಲ.

*

ಗಂಗಾಲಕ್ಷ್ಮಿ ಎದ್ದು ನಿಂತಳು. ಬಾಯಿ ತೆರೆದಳು.

"ಆ ಮಾತ್ರೆ ನಂದು."

ಹೇಳಿದವನು ಹೊಸ್ತಿಲಲ್ಲಿ ಹಾರ ಹಿಡಿದು ನಿಂತಿದ್ದ ಒಬ್ಬ ಮುದುಕ. ಬೆಳಗಿನ ಬಸ್ಸಿಗೆ ಬಂದು ಜಗಲಿಯ ಮೂಲೆಯಲ್ಲಿ ಕೂತಿದ್ದ ಅವನನ್ನು ಅಲ್ಲಿ ಯಾರೂ ಅರಿಯರು.

"ಯಾವೂರಯ್ಯ ನಿಂದು?" ಎಂದ ವೆಂಕಟ್.

"ಕುರುಡುಮಲೆ ಕಡೆ ಸ್ವಾಮಿ. ಸಿಸ್ಟರಮ್ಮ ಆ ಕಡೆ ಇದ್ದಾಗಿಂದ ಪರಿಚಯ. ನಾನೇ ಇಲ್ಲಿ ಇಟ್ಕೊಳ್ಳಿ ಅಂದಿದ್ದೆ. ಅಮ್ಮನಿಗೆ ಯಾವ ಕಾಯಿಲೇನೂ ಇಲ್ಲ."

"ಈ ವಯಸ್ಸಲ್ಲಿ ಇದೊಂದು ಬೇಕಿತ್ತಾ ನಿಂಗೆ?" ಎಂದಳು ಆವಲಮ್ಮ.

"ಬಂದಿದ್ದು ವಯಸ್ಸಲ್ಲೇ ತಾಯಿ. ಮುದುಕ ಆದ ಅಂತ ಬಿಟ್ಟು ಹೋಗ್ತದಾ?"

ಯಾರೋ ಕಿಸಕ್ಕೆಂದರು. ವೆಂಕಟ್ ಡಬ್ಬಿಯನ್ನು ಅವನ ಕೈಗಿತ್ತ. ಮುದುಕ ಹಾರ ಹಾಕಿ, ಕಾಲು ಮುಟ್ಟಿ, ಜಗಲಿಗೆ ಹಿಂದಿರುಗಿದ. ಅಲ್ಲಿ ಕೂತಿದ್ದ ಗಂಡಸರು ಬೀಡಿ ಹಚ್ಚುವ ನೆಪದಲ್ಲಿ ಎದ್ದು ಹೋದರು. ಅಷ್ಟುದ್ದದ ಜಗಲಿ ಅವನೊಬ್ಬನಿಗೇ ಉಳಿಯಿತು. ತಾನು ಮಾತಾಡಿದ್ದರೆ ಅದೇ ಜಾಗ ತನ್ನದಾಗುತ್ತಿತ್ತು ಎಂದು ಗಂಗಾಲಕ್ಷ್ಮಿಗೆ ಅನ್ನಿಸಿತು. ಬದುಕಿಕೊಂಡೆ ಎಂಬ ಸಮಾಧಾನ ಬಂತು. ಅದರ ಹಿಂದೆಯೇ ಅದು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಸೀರೆಗಳು ಮಾತ್ರ ಮತ್ತೆ ಮೇಲೇರಲಿಲ್ಲ. ಇಂಥವರನ್ನೆಲ್ಲ ಮುಟ್ಟಿದ ಮೈ ತಾನೇ ಎಂದು ಯಾರೋ ಗೊಣಗಿದರು. ಗಂಗಾಲಕ್ಷ್ಮಿ ಚೊಂಬು ಎತ್ತಿಕೊಂಡಳು.

"ಬಾ ಅರ್ಪಿತಾ, ನೀರು ಆರ್ತದೆ."

ಹಿತ್ತಿಲಲ್ಲಿ ಸೀರೆಯ ಮರೆ ಕಟ್ಟಿ ಇಬ್ಬರೂ ಸುನಂದಮ್ಮನ ಮೈ ತೊಳೆದರು. ಗಂಗಾಲಕ್ಷ್ಮಿ ತಲೆಗೆ ಸೀಗೆ ಹಚ್ಚುತ್ತಿದ್ದಳು, ಅರ್ಪಿತ ನೀರು ಹುಯ್ಯುತ್ತಿದ್ದಳು.

"ಯಾರೋ ಏನೋ, ಆ ತಾತ ಬಂದು ಮಾನ ಉಳಿಸಿದ್ರು ಗಂಗಕ್ಕ," ಎಂದಳು ಅರ್ಪಿತ.

"ಅವ್ರದಲ್ಲ ಅದು. ನಂದು." ಕೈ ಕೂದಲಲ್ಲೇ ಇತ್ತು. "ಹೂವಿಗೆ ಅಂತ ಬರ್ತಿದ್ದೆನಲ್ಲ."

ನೀರು ನಿಂತಿತು. ಗಂಗಾಲಕ್ಷ್ಮಿ ತಲೆಯೆತ್ತಲಿಲ್ಲ. ಮರೆಯ ಆಚೆ ತಮಟೆಯವರು ಬೆಂಕಿಗೆ ಹಿಡಿದು ತಮಟೆ ಕಾಯಿಸುತ್ತಿದ್ದರು.

ಅರ್ಪಿತ ಅಂಗೈಯನ್ನು ಅತ್ತೆಯ ಹಣೆಗೆ ಅಡ್ಡ ಹಿಡಿದಳು. "ಮೆತ್ತಗೆ ಅಕ್ಕ. ಸೀಗೆ ಕಣ್ಣಿಗೆ ಹೋಗ್ತದೆ," ಎಂದು ಮತ್ತೆ ನೀರು ಬಿಟ್ಟಳು.

ಹೆಣ ಎತ್ತುವ ಮೊದಲು ಅರ್ಪಿತ ಒದ್ದೆ ಸೆರಗಿನಲ್ಲೇ ಜಗಲಿಗೆ ಹೋದಳು.

"ತಾತ, ಆ ಡಬ್ಬಿ ಇಲ್ಲಿ ಕೊಡಿ. ಅತ್ತೆ ಎಲ್ಲಿಟ್ಟಿದ್ರೋ ಅಲ್ಲೇ ಇರ್ಲಿ."

"ಏನೇ ಇದು?" ಎಂದ ನರೇಶ.

"ಯಾರಿಗೆ ಬೇಕೋ ಅವ್ರು ಬಂದು ತಗೊಳ್ತಾರೆ ಕಣ್ರೀ. ಬೆಂಕಿ ಮಡಕೆ ಹಿಡ್ಕೊಳ್ಳಿ, ಹೊತ್ತಾಯ್ತು."

ಮುದುಕ ಅವಳ ಮುಖವನ್ನು ಒಂದು ಕ್ಷಣ ನೋಡಿ, ಡಬ್ಬಿ ಕೊಟ್ಟು, ಮೆರವಣಿಗೆಯ ಹಿಂದೆ ನಡೆದ.

ಸಂಜೆಯಾಯಿತು. ಗಂಗಾಲಕ್ಷ್ಮಿ ತನ್ನ ಮನೆಯೊಳಗೆ ಚಡಪಡಿಸುತ್ತಿದ್ದಳು. ಸೂತಕದ ಮನೆಗೆ ಯಾರಾದರೂ ಹೂವು ಕೇಳಿಕೊಂಡು ಹೋಗುತ್ತಾರೆಯೇ? ಅಷ್ಟರಲ್ಲಿ ಬೇಲಿಯಾಚೆಯಿಂದ ಅರ್ಪಿತಳ ದನಿ ಬಂತು.

"ಶಾಮಲಮ್ಮಜ್ಜಿ, ಗಂಗಕ್ಕನ್ನ ಒಂಚೂರು ಕಳ್ಸಿ. ದೀಪಕ್ಕೆ ಎಣ್ಣೆ ಹಾಕ್ಬೇಕು, ಒಬ್ಳಿಗೇ ಭಯ ಆಗ್ತದೆ."

"ಹೋಗೇ, ಪಾಪ," ಎಂದಳು ಶಾಮಲಮ್ಮ.

ಸುನಂದಮ್ಮ ಮಲಗಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಹಣತೆಯ ಅಂಚಿನವರೆಗೂ ಎಣ್ಣೆ ತುಂಬಿತ್ತು. ಪಕ್ಕದಲ್ಲಿ ಒಂದು ಲೋಟ ನೀರು.

ಆ ಮುದುಕ ಸ್ಮಶಾನದಿಂದ ಹಿಂದಿರುಗಲಿಲ್ಲ. ಅವನಿಗೂ ಆ ಕಾಯಿಲೆ ಇತ್ತೋ, ಮನೆಯಲ್ಲಿ ಯಾರಿಗಾದರೂ ಇತ್ತೋ, ಅಥವಾ ಒಲೆಯ ಮುಂದೆ ಎದ್ದು ನಿಂತವಳ ಮುಖ ಕಂಡು ಆ ಕ್ಷಣಕ್ಕೆ ಹೊಳೆದ ಸುಳ್ಳೋ ತಿಳಿಯಲಿಲ್ಲ. ಅವನ ಹೆಸರನ್ನೂ ಯಾರೂ ಕೇಳಿರಲಿಲ್ಲ.