ಯಾರು ಓದಿದ್ದು?

ತಿಪಟೂರಿನ ಕೊಬ್ಬರಿ ವ್ಯಾಪಾರಿ ಏಕಾಂತಯ್ಯನವರ ಮಗಳು ಜೀವಿತಾ ಮನೆಯಲ್ಲೇ ಕೂತು ಒಂದು ಬ್ರೌಸರ್ ಕಂಪನಿಗೆ ದುಡಿಯುತ್ತಿದ್ದಳು. ಅವಳ ಪಾಲಿಗೆ ಬಂದದ್ದು ಲಿಂಕುಗಳು, ಅಂದರೆ ಒತ್ತಿದರೆ ಇನ್ನೊಂದು ಪುಟಕ್ಕೆ ಕರೆದೊಯ್ಯುವ ನೀಲಿ ಅಕ್ಷರಗಳು. ಅಷ್ಟಕ್ಕೂ ಸಂಬಳ ಕೊಡ್ತಾರಾ ಎಂದು ಅಣ್ಣ ರುದ್ರೇಶ್ ಚುಡಾಯಿಸುತ್ತಿದ್ದ. ಆದರೆ ಅವಳಿಗೆ ಬುದ್ಧಿ ಹೊಳೆದದ್ದೇ ಅಪ್ಪನ ಗೊಣಗಾಟದಿಂದ.

"ಒಳಗೇನೈತೆ ಅಂತ ಹೇಳ್ದೆ ಬಾಗ್ಲು ತೆಗಿ ಅಂದ್ರೆ ಯಾವನವ್ವ ತೆಗೀತಾನೆ?" ಎಂದಿದ್ದರು ಅವರು, ಯಾವುದೋ ಬಹುಮಾನದ ಲಿಂಕ್ ಒತ್ತಿ ಫೋನ್ ಕೆಡಿಸಿಕೊಂಡ ದಿನ.

ಜೀವಿತಾ ಅದನ್ನೇ ಹಿಡಿದಳು. ಪ್ರತಿ ಲಿಂಕಿನ ಕೆಳಗೂ ಒಳಗಿನ ವಿಷಯ ಒಂದೇ ಸಾಲಿನಲ್ಲಿ, ಅಪ್ಪನಿಗೆ ತಿಳಿಯುವ ಕನ್ನಡದಲ್ಲಿ. ಓದಿ ಮುಗಿಸಿದ್ದರ ಪಕ್ಕ ‘ಓದಿದ್ದು’ ಎಂಬ ಗುರುತು. ಮತ್ತೆ ಹುಡುಕುವ ಗೋಳು ಬೇಡವೆಂದು ಅಂಥವೆಲ್ಲ ಮೊದಲ ಪುಟದಲ್ಲೇ. ಪರೀಕ್ಷೆಗೆಂದು ಅದನ್ನು ಅಪ್ಪನ ಫೋನಿಗೇ ಹಾಕಿದಳು. ಅದಕ್ಕೊಂದು ಇಮೇಲ್ ಬೇಕು, ಅವರಿಗೆ ಅದು ಎಲ್ಲಿಂದ ಬರಬೇಕು? ನಮ್ಮೂರ ಮಕ್ಕಳೆಲ್ಲ ಮಾಡುವಂತೆ ತನ್ನದನ್ನೇ ಹಾಕಿಕೊಟ್ಟು ಮರೆತುಬಿಟ್ಟಳು. ಇಮೇಲ್ ಒಂದೇ ಆದಮೇಲೆ ಇವಳು ತನ್ನ ಕೋಣೆಯಲ್ಲಿ ಓದಿದ್ದೆಲ್ಲ ಅಪ್ಪನ ಫೋನಿಗೂ ಹೋಗಿ ಕೂರುತ್ತದೆಂಬುದು, ಅದನ್ನು ಮಾಡಿದವಳಿಗೇ ನೆನಪಿರಲಿಲ್ಲ.

ಆಮೇಲೆ ಅಪ್ಪನಿಗೆ ಹೊಟ್ಟೆನೋವು ಶುರುವಾಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಅಣ್ಣತಂಗಿಯನ್ನು ಪಕ್ಕಕ್ಕೆ ಕರೆದು ಕ್ಯಾನ್ಸರ್ ಎಂದರು. ತಡವಾಗಿದೆ, ಸೋಮವಾರದಿಂದಲೇ ಔಷಧಿ ಏರಿಸಿದರೆ ಒಂದಷ್ಟು ಕಾಲ ಸಿಗಬಹುದು ಎಂದರು. ಮೆಟ್ಟಿಲಿಳಿಯುವಷ್ಟರಲ್ಲಿ ಇಬ್ಬರೂ ತೀರ್ಮಾನಿಸಿದ್ದರು: ಅಪ್ಪನಿಗೂ ಅವ್ವನಿಗೂ ಬರೀ ಹೊಟ್ಟೆಹುಣ್ಣು ಅಂತಲೇ ಹೇಳುವುದು. ನಮ್ಮ ಕಡೆ ರೋಗಿಯೊಬ್ಬನನ್ನು ಬಿಟ್ಟು ಮಿಕ್ಕವರಿಗೆಲ್ಲ ರೋಗದ ಹೆಸರು ಗೊತ್ತಿರುತ್ತದೆ. ಅದನ್ನು ಪ್ರೀತಿ ಅನ್ನುತ್ತೇವೆ. ಜೀವಿತಾ ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಸಿಕ್ಕಿದ್ದೆಲ್ಲ ಓದಿದಳು. ಅಳು ಬಂದಾಗ ಓದಿದ್ದನ್ನೇ ಮತ್ತೆ ಓದಿದಳು.

ಶನಿವಾರ ಬೆಳಗ್ಗೆ ಏಕಾಂತಯ್ಯ ಜಗಲಿಯಿಂದ ಕೂಗಿದರು.

"ನಿನ್ ಕೆಲ್ಸ ಚೆನ್ನಾಗೈತೆ ಕಣವ್ವ. ಒತ್ತೋದೇ ಬ್ಯಾಡ, ಎಲ್ಲಾ ಹೊರಗೇ ಕಾಣ್ತದೆ. ಇದೊಂದು ಮಾತ್ರ ತಿಳೀಲಿಲ್ಲ, ನೋಡು."

ಫೋನಿನಲ್ಲಿ ಅವಳು ಓದಿದ ಪುಟಗಳು ಸಾಲಾಗಿ ನಿಂತಿದ್ದವು. ಮೊದಲನೆಯದರ ಕೆಳಗೆ, ಅವಳೇ ಹಟ ಹಿಡಿದು ಮಾಡಿಸಿದ ಆ ಒಂದು ಸಾಲು: ‘ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಕೊನೆಯ ತಿಂಗಳುಗಳಲ್ಲಿ ರೋಗಿಯ ನೋವು ಕಡಿಮೆ ಮಾಡುವುದು ಹೇಗೆ.’

"ಓದಿದ್ದು ಅಂತ ಐತೆ. ನಾನಂತೂ ಓದಿಲ್ಲ. ಯಾರು ಓದಿದ್ದು?"

ಜೀವಿತಾ ಫೋನಿಗೆ ಕೈ ಚಾಚಿದಳು. "ಅದು ಇನ್ನೂ ಸರಿಯಾಗಿಲ್ಲ ಅಪ್ಪಾಜಿ. ಯಾರ್ಯಾರದೋ ತಂದು ತೋರಿಸ್ತೈತೆ."

ಅವರು ಮಗಳ ಮುಖವನ್ನೇ ನೋಡಿದರು. "ತಪ್ಪು ತೋರಿಸ್ತೈತಾ?"

"ಹೂಂ."

"ಆಯ್ತು ಬುಡು," ಎಂದು ಫೋನನ್ನು ಜೇಬಿಗೆ ಇಳಿಸಿದರು. ಸದ್ಯ ಬಚಾವಾದೆ ಅಂದುಕೊಂಡಳು, ಪಾಪ.

ಮಧ್ಯಾಹ್ನ ರುದ್ರೇಶ್ ಗಾಬರಿಯಲ್ಲಿ ಬಂದ. ಅಟ್ಟಕ್ಕೆ ಏರಿಸಿದ್ದ ಕಾಯಿಯನ್ನೆಲ್ಲ ಇಳಿಸಿ ಹಸಿಯಾಗಿಯೇ ಮಾರಿಬಿಡು ಅಂದಿದ್ದರಂತೆ ಅಪ್ಪ. ಕಾಯಿ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತಿರಹತ್ತಿರ ವರ್ಷ ಬೇಕು. ಅಷ್ಟು ತಾಳ್ಮೆಯಿಲ್ಲದೆ ಮಾರುವವರನ್ನು ಕಂಡು ಜೀವಮಾನವೆಲ್ಲ ನಕ್ಕ ಮನುಷ್ಯ ಅವರು.

"ಕಾಯೋಕೆ ನಂಗೆ ಪುರುಸೊತ್ತಿಲ್ಲ ಅಂದ್ರು ಕಣೇ," ಎಂದ ರುದ್ರೇಶ್.

ಜೀವಿತಾ ಜಗಲಿಗೆ ಓಡಿದಳು. "ಅಪ್ಪಾಜಿ, ಸೋಮವಾರ ಬೇಗ ಹೊರಡ್ಬೇಕು. ಕಾರು ಹೇಳಿದೀವಿ."

"ನಾನು ಬರಲ್ಲ. ಹುಣ್ಣೇ ತಾನೆ? ಮಜ್ಜಿಗೆ ಕುಡುದ್ರೆ ಹೋಯ್ತದೆ."

"ಹಂಗಲ್ಲ, ಡ್ರಿಪ್ ಹಾಕಿಸ್ಲೇಬೇಕು."

"ಯಾಕೆ? ಹೇಳು."

ಹೇಳಬಹುದಿತ್ತು. ಹೇಳಿದ್ದರೆ ಹೊರಡುತ್ತಿದ್ದರೋ ಏನೋ. ಬಾಯಿ ತೆರೆಯುವಷ್ಟರಲ್ಲಿ ಅವ್ವ ಕಲ್ಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು.

"ಯಾಕ್ರೀ, ಆಸ್ಪತ್ರೆಗೆ ಬರಲ್ಲ ಅಂತೀರಾ?"

"ಜೀವಿತಾನೇ ಹೇಳವ್ಳೆ ಕಣೇ. ಫೋನಲ್ಲಿ ಏನೇನೋ ಬಂದಿತ್ತು, ಅದೆಲ್ಲಾ ತಪ್ಪಂತೆ. ಬರೀ ಹುಣ್ಣಂತೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಹೆಂಡತಿಗೆ ಕಾಣದಂತೆ ಮಗಳತ್ತ ನೋಡಿದರು. ಇವಳಿಗೆ ಹೇಳಬೇಡ ಎಂದು ಆ ಕಣ್ಣುಗಳು ಬೇಡಿಕೊಳ್ಳುತ್ತಿದ್ದವು.

"ಹೌದೇನವ್ವ?" ಎಂದಳು ಕಲ್ಲಮ್ಮ. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು.

"ಹೂಂ ಕಣವ್ವ," ಎಂದಳು ಜೀವಿತಾ.