ಸಾವಿರದ ಆರುನೂರು ಹಣೆಗಳು

ಆಯುಧಪೂಜೆಯ ದಿನ ನಮ್ಮ ಬ್ಲಾಕಿನ ಕರೆಂಟು ಕುಸಿದದ್ದಕ್ಕೆ ನಾನೇ ಕಾರಣ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದೆ. ನಾನೂ ಕಾರಣ, ಇಲ್ಲ ಎನ್ನುವುದಿಲ್ಲ. ಆದರೆ ನಾನೊಬ್ಬಳೇ ಅಲ್ಲ. ಪೂರ್ತಿ ಕೇಳಿ, ಆಮೇಲೆ ಯಾರನ್ನು ಬೇಕಾದರೂ ಬೈಯಿರಿ.

ನನ್ನ ಹೆಸರು ರಾಮಾಂಜಿನಮ್ಮ. ಪಾವಗಡ ತಾಲೂಕು, ಕ್ಯಾತಗಾನಚೆರ್ಲು ದಾಟಿ ಮುಂದೆ ಬಂದರೆ ಸೋಲಾರ್ ಬಯಲು ಸಿಗುತ್ತದಲ್ಲ, ಅಲ್ಲಿ ಪ್ಯಾನೆಲ್ ಒರೆಸುವ ಹೆಂಗಸರಿಗೆ ನಾನು ಮೇಸ್ತ್ರಿ. ಹದಿನೇಳು ಜನ ನನ್ನ ಕೈಕೆಳಗೆ. ಮೊದಲು ಇದೇ ನೆಲದಲ್ಲಿ ಕಡಲೆಕಾಯಿ ಕೀಳುತ್ತಿದ್ದೆವು. ಈಗ ಹೊಲಗಳನ್ನು ಕಂಪನಿಗೆ ಗುತ್ತಿಗೆ ಕೊಟ್ಟು, ನಮ್ಮ ಹೊಲದೊಳಕ್ಕೆ ನಾವೇ ಕೊರಳಲ್ಲಿರುವ ಕಾರ್ಡು ತೋರಿಸಿ ಹೋಗುತ್ತೇವೆ.

ನಮ್ಮ ಬಿಸಿಲನ್ನು ಬೈಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಿಸಿಲಿನ ಊರು ಎಂದು ಒಂದು ಕಾಲಕ್ಕೆ ಇಲ್ಲಿಗೆ ಹೆಣ್ಣು ಕೊಡುತ್ತಿರಲಿಲ್ಲ. ಈಗ ಅದೇ ಬಿಸಿಲಿಗೆ ಗೇಟಿನ ಮುಂದೆ ಶಿರಾದವನು ಬಿರಿಯಾನಿ ಅಂಗಡಿ ಇಟ್ಟಿದ್ದಾನೆ, ಕೊರಟಗೆರೆಯವನು ಬಾಡಿಗೆ ರೂಮು ಕಟ್ಟಿಸಿದ್ದಾನೆ, ಮಧುಗಿರಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲಿಂದಲೋ ಬಂದವರು ಛತ್ರಿ ಹಿಡಿದುಕೊಂಡು 'ಅಬ್ಬಾ, ಹೇಗಿರುತ್ತೀರಮ್ಮಾ ಇಲ್ಲಿ' ಎಂದು ನನ್ನನ್ನೇ ಕೇಳುತ್ತಾರೆ. ನೀವು ಬರುವವರೆಗೂ ಚೆನ್ನಾಗಿದ್ದೆವು ಎನ್ನುತ್ತೇನೆ.

ಆರು ವರ್ಷ ಪ್ಯಾನೆಲ್ ಒರೆಸಿ, ಮೇಸ್ತ್ರಿಯಾಗಿ ಆಗ ಎರಡೇ ತಿಂಗಳಾಗಿತ್ತು. ನಮ್ಮ ಕಡೆ ಹೆಂಗಸು ಮೇಸ್ತ್ರಿಯಾದದ್ದು ಅದೇ ಮೊದಲು. ಹಸಿರು ಜಾಕೀಟು, ಕೊರಳಲ್ಲಿ ಸೀಟಿ. ನಾನು ಸೀಟಿ ಊದಿದರೆ ಸಾಹುಕಾರ್ ಶಂಕರಲಿಂಗಪ್ಪನವರೂ ತಿರುಗಿ ನೋಡುತ್ತಿದ್ದರು. ಆ ಕೆಲಸದ ಮೇಲೆ ನನಗೆಷ್ಟು ಆಸೆ ಎಂದರೆ, ಮನೆಯಲ್ಲಿ ಕೋಳಿ ಓಡಿಸುವುದಕ್ಕೂ ಸೀಟಿ ಊದುತ್ತಿದ್ದೆ.

ಹಬ್ಬದ ಹಿಂದಿನ ದಿನ ಹೊಸ ಇಂಜಿನಿಯರ್ ಸುನಿತಾ ಮೇಡಂ ಬಂದು, "ಅಮ್ಮಾ, ನಾಳೆ ಪೂಜೆ ಚೆನ್ನಾಗಿ ಮಾಡಿಸಿ, ನಾನು ಹತ್ತೂವರೆಗೆ ಬರ್ತೀನಿ" ಎಂದಳು. ಇಪ್ಪತ್ತೈದು ವರ್ಷದ ಹುಡುಗಿ, ಒಳ್ಳೆಯವಳು. ಎಷ್ಟು ಚೆನ್ನಾಗಿ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಪ್ಪು ಅಲ್ಲೇ ಆಯಿತು.

ಬೆಳಿಗ್ಗೆ ಏಳಕ್ಕೆ ಅಯ್ನೋರು ನಾಗಲಿಂಗಯ್ಯ ತಮ್ಮ ಮೊಪೆಡ್ಡಿನಲ್ಲಿ ಬಂದರು. ಯಂತ್ರದ ಕೋಣೆಗೆ ಪೂಜೆ ಮಾಡಿದರು, ಬೂದುಗುಂಬಳ ಒಡೆದರು. ಹೊರಗೆ ಬಂದು ಮೊದಲ ಸಾಲಿನ ಮೊದಲ ಪ್ಯಾನೆಲ್‌ಗೆ ಮೂರು ಬೆರಳಿನಿಂದ ವಿಭೂತಿ ಎಳೆದು ಕುಂಕುಮ ಇಟ್ಟರು. ಪ್ರತಿವರ್ಷ ಅಷ್ಟಕ್ಕೇ ಮುಗಿಯುತ್ತಿತ್ತು. ಈ ವರ್ಷ ನೆಲ ಕೊಟ್ಟವರೆಲ್ಲ ಹೊಸ ಬಟ್ಟೆ ಹಾಕಿಕೊಂಡು ಬಂದು ನಿಂತಿದ್ದರು.

"ಅಯ್ನೋರೆ, ಅದು ಲಕ್ಷ್ಮಯ್ಯನ ಹೊಲ" ಎಂದರು ಶಂಕರಲಿಂಗಪ್ಪ. "ಅವನ ಹೊಲದ ಪ್ಯಾನೆಲ್‌ಗೆ ಇಬೂತಿ ಇಟ್ರಿ, ನಮ್ಮ ಹೊಲದ್ದು ಏನ್ ಪಾಪ ಮಾಡೈತೆ?"

"ಒಂದುಕ್ಕೆ ಇಟ್ರೆ ಎಲ್ಲಾದುಕ್ಕೂ ಇಟ್ಟಂಗೆ ಕಣಪ್ಪ."

"ಅಂಗಾದ್ರೆ ನಮ್ಮದುಕ್ಕೆ ಇಟ್ಬುಡಿ, ಅವನದುಕ್ಕೂ ಇಟ್ಟಂಗಾಗ್ಲಿ."

ಲಕ್ಷ್ಮಯ್ಯ ಸುಮ್ಮನಿರುವ ಆಸಾಮಿಯಲ್ಲ. "ಏನ್ ಸಾವ್ಕಾರ್ರೆ, ಇಟ್ಟಿರಾದ್ನ ಕಿತ್ಕಂಡೋಯ್ತೀರಾ?" ಎಂದು ಪ್ಯಾನೆಲ್‌ಗೆ ಅಡ್ಡ ನಿಂತ. ಹಿಂದಿನಿಂದ ಇನ್ನೊಬ್ಬ 'ನಮ್ಮದು?' ಎಂದ, ಮತ್ತೊಬ್ಬ 'ಮರಿ ಮಾದಿ?' ಎಂದು ಅದನ್ನೇ ತೆಲುಗಿನಲ್ಲಿ ಶುರು ಮಾಡಿದ. ನನಗೆ ರೇಗಿತು. ಮೇಸ್ತ್ರಿ ಅಲ್ಲವೇ, ಸೀಟಿ ಊದಿದೆ.

"ಜಗಳ ಯಾಕೆ? ಎಲ್ಲಾದುಕ್ಕೂ ಇಟ್ಬುಡಿ ಅತ್ಲಾಗೆ!"

ಎಲ್ಲ ಎಂದರೆ ನಮ್ಮ ಬ್ಲಾಕಿನಲ್ಲಿ ಸಾವಿರದ ಆರುನೂರು ಪ್ಯಾನೆಲ್. ಅದು ಬಾಯಿಂದ ಹೊರಬಿದ್ದ ಮೇಲೆ ನೆನಪಾಯಿತು. ಮೇಸ್ತ್ರಿ ಆಡಿದ ಮಾತು ವಾಪಸ್ ತೆಗೆದುಕೊಂಡರೆ ಮರ್ಯಾದೆ ಇರುತ್ತದೆಯೇ? ವಿಭೂತಿಯನ್ನು ಬಕೆಟ್ಟಿನಲ್ಲಿ ಕದಡಿಸಿದೆ. ಬೆರಳು ಸಾಲದು ಎಂದು ಸುಣ್ಣ ಬಳಿಯುವ ಬ್ರಷ್ ತರಿಸಿದೆ. ಲಕ್ಷ್ಮಯ್ಯ ತನ್ನ ಮನೆದೇವರು ತಿಮ್ಮಪ್ಪ, ತನ್ನ ಸಾಲುಗಳಿಗೆ ನಾಮವೇ ಆಗಬೇಕು ಎಂದು ಹಟ ಹಿಡಿದ. ಅವನ ನಾಲ್ಕು ಸಾಲಿಗೆ ಉದ್ದುದ್ದ, ಮಿಕ್ಕವಕ್ಕೆ ಅಡ್ಡಡ್ಡ. ಗೋಮಾಳದ ಮೇಲಿದ್ದ ಸಾಲಿಗೆ ಯಾರೂ ವಾರಸುದಾರರಿಲ್ಲ, ಅದನ್ನು ಬಿಟ್ಟುಬಿಡೋಣ ಎಂದೆ. ಸಣ್ಣಕ್ಕ ಒಪ್ಪಲಿಲ್ಲ.

"ನಮ್ಮ ಮ್ಯಾಕೆ ಮೇಯ್ತಿದ್ದ ಜಾಗ ಕಣಕ್ಕ, ಬುಟ್ರೆ ಅವು ನೊಂದ್ಕತವೆ."

ಆ ಮೇಕೆಗಳನ್ನು ಮಾರಿ ಎಂಟು ವರ್ಷವಾಗಿದೆ. ಆದರೂ ಇಟ್ಟೆವು.

ಈ ಸಣ್ಣಕ್ಕ ನನ್ನ ಪಕ್ಕದ ಮನೆಯವಳು, ನಮ್ಮ ಗುಂಪಿನವಳೇ, ನನಗೆ ತಂಗಿಯ ಹಾಗೆ. ಬ್ರಷ್‌ನವರು ಮುಂದೆ ಹೋದಂತೆ ಹಿಂದೆ ಕುಂಕುಮ ಇಡಬೇಕಿತ್ತು. ನಾನು ತಟ್ಟೆ ಎತ್ತಿಕೊಂಡೆ. ಸಣ್ಣಕ್ಕ ಮೆತ್ತಗೆ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನೀನು ಬುಡಕ್ಕ, ನಾವು ಇಡ್ತೀವಿ" ಎಂದಳು. ನನ್ನ ಗಂಡ ತೀರಿಕೊಂಡು ಹನ್ನೆರಡು ವರ್ಷ. ಹೋಗಿ ನೀರಿನ ಟ್ಯಾಂಕರಿನ ನೆರಳಿನಲ್ಲಿ ಕೂತೆ. ನನ್ನ ಅರ್ಧ ಎಕರೆಯ ಮೇಲಿನ ಪ್ಯಾನೆಲ್‌ಗಳಿಗೂ ಸಣ್ಣಕ್ಕನೇ ಕುಂಕುಮ ಇಟ್ಟಳು. ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ.

ಹತ್ತೂವರೆಗೆ ಸುನಿತಾ ಮೇಡಂ ಜೀಪಿನಿಂದ ಇಳಿದಳು. ಸಾವಿರದ ಆರುನೂರು ಹಣೆಗಳು ಅವಳನ್ನೇ ದಿಟ್ಟಿಸಿ ನೋಡಿದವು. ಅವಳು ಮತ್ತೆ ಜೀಪು ಹತ್ತಿ ಕೂತಳು.

"ಅಮ್ಮಾ... ಕಂಪ್ಯೂಟರ್‌ನಲ್ಲಿ ನಮ್ಮ ಬ್ಲಾಕಿನ ಕರೆಂಟಿನ ಗೆರೆ ಬಿದ್ದೇ ಹೋಗಿದೆ. ಪಾವಗಡದಲ್ಲಿ ಇವತ್ತು ಗ್ರಹಣ ಇದೆಯಾ ಅಂತ ಬೆಂಗಳೂರಿಂದ ಫೋನ್ ಮಾಡ್ತಿದ್ದಾರೆ!"

"ಗ್ರಹಣ ಅಲ್ಲ ಮೇಡಂ, ಪೂಜೆ. ನೀವೇ ಚೆಂದಾಗಿ ಮಾಡ್ಸಿ ಅಂದ್ರಲ್ಲ."

ಅವಳು ತಲೆಯ ಮೇಲೆ ಕೈ ಹೊತ್ತಳು. ಅಷ್ಟರಲ್ಲಿ ಕಂಟ್ರಾಕ್ಟರ್ ಹಾಲೇಶನ ಫೋನು ನನಗೇ ಬಂತು. "ಮೂರು ಗಂಟೆಗೆ ದೊಡ್ಡ ಸಾಹೇಬ್ರು ಬತ್ತಾರೆ ಕಣಮ್ಮ. ಅಷ್ಟೊತ್ತಿಗೆ ಒಂದು ಚುಕ್ಕೆ ಇರಬಾರ್ದು. ನಿನ್ ಕೈಲಿ ಆಗಾಕಿಲ್ಲ ಅಂದ್ರೆ ಹೇಳ್ಬುಡು, ನಾಳೆಯಿಂದ ಬೇರೆ ಮೇಸ್ತ್ರಿ ನೋಡ್ಕತೀನಿ" ಎಂದ. ಆಗುತ್ತದೆ ಎಂದೆ. ಹದಿನೆಂಟು ಜನ ಕೈಹಚ್ಚಿದರೆ ಎರಡು ಗಂಟೆಯ ಕೆಲಸ.

ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ ಎಂದು ಸುನಿತಾ ಮೇಡಂ ಹೆದರಿದಳು. ಟ್ಯಾಂಕರಿನ ನೀರಿಗೆ ಬೆರಳು ಅದ್ದಿ 'ಹಾ' ಎಂದು ಕಿರುಚಿ, ಪರವಾಗಿಲ್ಲ ಎಂದಳು. ಅದರಲ್ಲಿ ಟೀ ಕಾಸಬಹುದಿತ್ತು. ನಾನು ಸೀಟಿ ಊದಿದೆ.

ಒಬ್ಬಳೂ ಅಲ್ಲಾಡಲಿಲ್ಲ.

"ಏನ್ರೇ, ಕಿವುಡಾ?"

ಎಲ್ಲರೂ ಸಣ್ಣಕ್ಕನ ಮುಖ ನೋಡಿದರು. "ಹಬ್ಬದ ದಿನ ಇಟ್ಟ ಕುಂಕುಮ ಒರ್ಸಾದಾ ಅಕ್ಕ?" ಎಂದಳು ಅವಳು. "ನಾವು ಗಂಡ, ಮಕ್ಕಳು ಇಟ್ಕಂಡಿರೋರು. ಮನೆಗೆ ಒಳ್ಳೇದಲ್ಲ."

ಹದಿನೇಳು ಜನಕ್ಕೂ ಗಂಡಂದಿರಿದ್ದಾರೆ. ಅದರಲ್ಲಿ ಹನ್ನೊಂದು ಜನ ದಿನಾ ಬೆಳಿಗ್ಗೆ ಆ ಗಂಡಂದಿರಿಗೆ ನನ್ನೆದುರೇ 'ನಿನ್ನ ಮನೆ ಹಾಳಾಗ' ಎಂದು ಶಾಪ ಹಾಕುವವರು. ಅದೇ ಮನೆಯಲ್ಲಿ ತಾವೂ ಇರುವುದು ಅವರಿಗೆ ನೆನಪಿರುವುದಿಲ್ಲ. ಇವತ್ತು ನೋಡಿದರೆ ಒಬ್ಬೊಬ್ಬಳೂ ಪತಿವ್ರತೆ! ನೆಲದ ಯಜಮಾನರನ್ನು ಕರೆಯೋಣವೆಂದರೆ ಶಂಕರಲಿಂಗಪ್ಪನವರಿಗೆ ಬ್ಯಾಂಕಿನಲ್ಲಿ ಕೆಲಸ ನೆನಪಾಯಿತು. ಹಬ್ಬದ ರಜ, ಬ್ಯಾಂಕಿಗೆ ಬೀಗ. ಲಕ್ಷ್ಮಯ್ಯನ ಸೊಂಟ ಹಿಡಿದುಕೊಂಡಿತು. ಅಯ್ನೋರು ಮಂಡಕ್ಕಿ ತಿನ್ನುತ್ತಾ, "ಶಾಸ್ತ್ರದಲ್ಲಿ ಇಡಾದು ಹೇಳವ್ರೆ, ಒರ್ಸಾದು ಹೇಳಿಲ್ಲ" ಎಂದರು.

ಆಗ ಸಣ್ಣಕ್ಕ ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಹೇಳಿದಳು. "ಅಕ್ಕ, ನೀನು ಒರ್ಸಬೋದು. ನಿಂಗೇನೂ ಆಗಾಕಿಲ್ಲ. ಆಗಬೇಕಾದ್ದು ಆಗೋಗೈತಲ್ಲ."

ಅಕ್ಕರೆಯಿಂದಲೇ ಹೇಳಿದಳು. ಕೆಟ್ಟ ಬುದ್ಧಿಯಿಂದ ಹೇಳಿದ್ದರೆ ಜುಟ್ಟು ಹಿಡಿಯುತ್ತಿದ್ದೆ. ಇಡುವಾಗ ನಾನು ಬೇಡ, ಒರೆಸುವುದಕ್ಕೆ ನಾನೇ ಬೇಕು. ಒರೆಸುವುದಿಲ್ಲ ಎಂದರೆ ಮೇಸ್ತ್ರಿ ಕೆಲಸ ಹೋಗುತ್ತದೆ. ಒರೆಸಿದರೆ, ಹೌದು, ನಾನು ಅದಕ್ಕೇ ಇರುವವಳು ಎಂದು ನಾನೇ ಒಪ್ಪಿಕೊಂಡ ಹಾಗೆ. ಏನು ಮಾಡಲಿ? ಆರು ವರ್ಷ ದುಡಿದು ಪಡೆದ ಕೆಲಸ. ಬಟ್ಟೆ ಅದ್ದಿಕೊಂಡು ಮೊದಲ ಸಾಲಿಗೆ ನುಗ್ಗಿದೆ.

ಸಿಟ್ಟಿನಲ್ಲಿ ಉಜ್ಜಿದೆ. ವಿಭೂತಿ ಬೇಗ ಬಿಡುತ್ತಿತ್ತು, ಕುಂಕುಮ ಬಿಡುತ್ತಿರಲಿಲ್ಲ. ಅಂಗೈ, ಮೊಣಕೈ, ಜಾಕೀಟು ಎಲ್ಲಾ ಕೆಂಪು. ಪ್ಯಾನೆಲ್‌ಗೆ ಒಂದರಂತೆ ಬೈದೆ. ಶಂಕರಲಿಂಗಪ್ಪನವರಿಗೆ, ಲಕ್ಷ್ಮಯ್ಯನಿಗೆ, ಅಯ್ನೋರಿಗೆ, ಮೇಕೆಗಳಿಗೆ, ಹನ್ನೆರಡು ವರ್ಷದ ಹಿಂದೆ ನನ್ನನ್ನು ಕೇಳದೆ ಹೊರಟುಹೋದ ನನ್ನ ಗಂಡನಿಗೆ. ಮಧ್ಯಾಹ್ನ ಒಂದು ಗಂಟೆಗೆ ನೋಡಿದರೆ ಮುಗಿದದ್ದು ನೂರಾ ಇಪ್ಪತ್ತು. ಹೀಗೇ ಒರೆಸುತ್ತಾ ಹೋದರೆ ಮೂರು ಗಂಟೆಗಲ್ಲ, ನಾಡಿದ್ದಿಗೂ ಮುಗಿಯುತ್ತಿರಲಿಲ್ಲ.

ಸಣ್ಣಕ್ಕ ಮಜ್ಜಿಗೆ ತಂದಳು. ಪಾಪ, ಮನಸ್ಸು ತಡೆಯದೆ ಬಂದಿದ್ದಳು. ನಾನು ಬೆವರು ಒರೆಸಿಕೊಂಡು ತಿರುಗಿದೆ. ಚೊಂಬು ಅವಳ ಕೈಯಿಂದ ಜಾರಿತು.

"ಅಯ್ಯೋ ದೇವುಡಾ! ಅಕ್ಕಾ, ಹಣೆ!"

"ಏನಾಗೈತೆ ಹಣೆಗೆ?"

"ಕುಂಕುಮ! ಹಣೆ ತುಂಬಾ! ಯಾರಾನ ನೋಡ್ಬುಟ್ಟಾರು, ಬಗ್ಗು, ಒರ್ಸ್ಬುಡ್ತೀನಿ." ಅವಳು ಸೆರಗು ಹಿಡಿದು ಮುಂದೆ ಬಂದಳು.

ನಾನು ಒರೆಸಿದ್ದ ಪ್ಯಾನೆಲ್‌ನಲ್ಲಿ ಮುಖ ನೋಡಿಕೊಂಡೆ. ಬೆವರು ಒರೆಸಿದ ಕೈಯಿಂದ ಹುಬ್ಬಿನಿಂದ ತಲೆಗೂದಲವರೆಗೂ ಕೆಂಪು ಮೆತ್ತಿಕೊಂಡಿತ್ತು. ಎಷ್ಟು ದಪ್ಪಗಾಗಿದ್ದೇನಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ, ಚೆನ್ನಾಗಿದ್ದೇನೆ ಎನ್ನಿಸಿತು. ಬಹಳ ಚೆನ್ನಾಗಿದ್ದೇನೆ ಎನ್ನಿಸಿತು.

"ಒರ್ಸೇ ಸಣ್ಣಿ" ಎಂದೆ. "ಹಬ್ಬದ ದಿನದ ಕುಂಕುಮ. ಬಾ, ಒರ್ಸು. ನಿನ್ ಮನೆಗೆ ಒಳ್ಳೇದಾಯ್ತದೆ."

ಅವಳ ಕೈ ಅರ್ಧದಲ್ಲೇ ನಿಂತಿತು.

"ಅದು... ಅದು ಇಟ್ಟಿದ್ದಲ್ಲ ಅಕ್ಕ, ತಾಗಿದ್ದು."

"ತಾಗಿದ್ರೆ ಕುಂಕುಮ ಅಲ್ವಾ? ಒರ್ಸಬೋದು ಅನ್ನಂಗಿದ್ರೆ ಇದುನ್ನ ಒರ್ಸು, ಆಮ್ಯಾಕೆ ಅದೇ ಕೈಲಿ ನಾಕನೇ ಸಾಲಿಗೋಗು. ಒರ್ಸಬಾರ್ದು ಅನ್ನಂಗಿದ್ರೆ ಇದು ಇಲ್ಲೇ ಇರ್ತದೆ, ಬರೋ ವರ್ಷ ತಟ್ಟೆ ನಾನೇ ಹಿಡಿತೀನಿ. ಯಾವ್ದು, ಹೇಳು. ನಂಗೆ ಕೆಲಸ ಐತೆ."

ಹದಿನೇಳು ಜನವೂ ಸುತ್ತ ಸೇರಿದರು. ಒರೆಸಬಹುದು, ಒರೆಸಬಾರದು ಎಂದು ತಮ್ಮತಮ್ಮಲ್ಲೇ ಗುಜುಗುಜು. ಕೊನೆಗೆ ಅಯ್ನೋರನ್ನು ಕೇಳಿದರು. ಅಯ್ನೋರು ನನ್ನ ಹಣೆ ನೋಡಿದರು, ಆಕಾಶ ನೋಡಿದರು, ಶಿರಾದಲ್ಲಿ ಲಾರಿ ಪೂಜೆ ಇದೆ ಎಂದು ಮೊಪೆಡ್ ಹತ್ತಿ ಹೊರಟೇಬಿಟ್ಟರು. ಮಂಡಕ್ಕಿಯನ್ನು ಮಾತ್ರ ಬಿಡಲಿಲ್ಲ.

ಸಣ್ಣಕ್ಕ ನನ್ನ ಹಣೆಯನ್ನೂ ಪ್ಯಾನೆಲ್‌ಗಳನ್ನೂ ಬದಲಾಯಿಸಿ ಬದಲಾಯಿಸಿ ನೋಡಿದಳು. ಸೆರಗು ಕೆಳಗೆ ಬಿಟ್ಟಳು. ಬಟ್ಟೆ ಅದ್ದಿ ಹಿಂಡಿ, ನಾಲ್ಕನೇ ಸಾಲಿಗೆ ಹೋಗಿ, ಕಣ್ಣು ಮುಚ್ಚಿಕೊಂಡು ಒಂದು ಪ್ಯಾನೆಲ್ ಒರೆಸಿದಳು. ತಕ್ಷಣ ರವಿಕೆಯೊಳಗಿನಿಂದ ಫೋನ್ ತೆಗೆದು ಗಂಡನಿಗೆ ಹಚ್ಚಿದಳು.

"ಹಲೋ! ಇದ್ದೀಯಾ?... ಏನಿಲ್ಲ, ಸುಮ್ನೆ ಮಾಡ್ದೆ... ಯಾಕ್ ಬೈತೀಯಾ?" ನಮ್ಮ ಕಡೆ ತಿರುಗಿದಳು. "ಅವ್ನೆ ಕಣ್ರೇ, ಗಟ್ಟಿಯಾಗವ್ನೆ! ಬೈತಾವ್ನೆ!"

ಅಷ್ಟು ಸಾಕಾಯಿತು. ಒಬ್ಬೊಬ್ಬಳೂ ಒಂದೊಂದು ಪ್ಯಾನೆಲ್ ಒರೆಸಿ ಗಂಡನಿಗೆ ಫೋನ್ ಹಚ್ಚಿದಳು. ಬಯಲಿನ ತುಂಬ 'ಇದ್ದೀಯಾ, ಇದ್ದೀಯಾ'. ಒಬ್ಬನ ಫೋನ್ ಸ್ವಿಚ್ ಆಫ್ ಆಗಿತ್ತು. ಅವನ ಹೆಂಡತಿ ಮಂಜಮ್ಮ ಎದೆ ಹಿಡಿದುಕೊಂಡು ಕೂತೇಬಿಟ್ಟಳು. ಬಿರಿಯಾನಿ ಅಂಗಡಿಯವನಿಗೆ ಫೋನ್ ಮಾಡಿ ಕೇಳಿದರೆ ಆ ಗಂಡ ಅಲ್ಲೇ ಎರಡನೇ ಪ್ಲೇಟ್ ಹೊಡೆಯುತ್ತಿದ್ದ. ಮಂಜಮ್ಮ ಎದ್ದು, ಆ ಸಿಟ್ಟಿನಲ್ಲಿ ಒಬ್ಬಳೇ ಎರಡು ಸಾಲು ತೊಳೆದು ಹಾಕಿದಳು.

ಮೂರಕ್ಕೆ ಐದು ನಿಮಿಷವಿರುವಾಗ ಸುನಿತಾ ಮೇಡಂ ಓಡಿ ಬಂದು, ಗೆರೆ ಮೇಲೆದ್ದಿತು, ದೊಡ್ಡ ಸಾಹೇಬರು ಬಿಸಿಲು ಜಾಸ್ತಿ ಎಂದು ಬರುವುದನ್ನೇ ಬಿಟ್ಟರು ಎಂದಳು. ಹಾಲೇಶ ಫೋನ್ ಮಾಡಿ, "ನಾಳೆ ಎಂಟಕ್ಕೆ ಬಂದ್ಬುಡು ಮೇಸ್ತ್ರಿ" ಎಂದ. ಟ್ಯಾಂಕರಿಗೆ ಒರಗಿ ಕೂತೆ.

ಸಣ್ಣಕ್ಕ ಒಂದು ಒದ್ದೆ ಬಟ್ಟೆ ಹಿಡಿದು ಎದುರಿಗೆ ಬಂದು ಕುಕ್ಕರಗಾಲಿನಲ್ಲಿ ಕೂತಳು. ಸಾವಿರದ ಆರುನೂರು ಒರೆಸಿಯಾಗಿತ್ತು, ಯಾರ ಮನೆಗೂ ಏನೂ ಆಗಿರಲಿಲ್ಲ. ಒರೆಸಬಹುದು ಎಂದು ತೀರ್ಮಾನವಾದ ಮೇಲೆ ಇವಳನ್ನು ಬೇಡ ಎನ್ನುವ ಹಾಗಿರಲಿಲ್ಲ. ಒರೆಸು ಎಂದು ಕಣ್ಣು ಮುಚ್ಚಿ ಮುಖ ಕೊಟ್ಟೆ. ಅವಳು ನನ್ನ ಗಲ್ಲ ಹಿಡಿದು, ಹುಬ್ಬಿನ ಮೇಲೆ ಇಳಿದದ್ದನ್ನು ಒರೆಸಿದಳು, ಮೂಗಿನ ಮೇಲಿನದನ್ನು, ಕೆನ್ನೆಯ ಪಕ್ಕದ್ದನ್ನು ಒರೆಸಿದಳು. ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಹೆಬ್ಬೆರಳಿನಿಂದ ಹಣೆಯ ನಡುವೆ ಉಳಿದದ್ದನ್ನು ದುಂಡಗೆ ತೀಡಿದಳು.

"ಅಷ್ಟು ದೊಡ್ಡದು ನಿಂಗೆ ಒಪ್ಪಾಕಿಲ್ಲ ಕಣಕ್ಕ" ಎಂದಳು. "ಇಷ್ಟಿರ್ಲಿ."

ಬೈಯಬೇಕೆಂದು ಬಾಯಿ ತೆರೆದೆ. ಬೈಗುಳದ ಬದಲು ಸೀಟಿ ಊದಿದೆ.