ರೆಕ್ಕೆಯಡಿಯ ಹನಿ

ಹಿಮ್ಮಡಿಯ ಕೆಳಗೆ ಏನೋ ಗಟ್ಟಿ, ಚಿಪ್ಪೇ ಇರಬೇಕು, ಅಲ್ಲ, ಬರೀ ಕಲ್ಲು, ಕೆಸರು ಕಾಲನ್ನು ಮೊಣಕಾಲ ತನಕ ಎಳೆದುಕೊಂಡು ಮತ್ತೆ ಬಿಡುತ್ತದೆ, ಬಿಡುವಾಗ ಮಗು ಮೊಲೆ ಬಿಟ್ಟ ಹಾಗೆ ಸದ್ದು, ಗೋಡಂಬಿ ಹಣ್ಣಿನ ಕಾಲ ಮುಗಿದು ಮಳೆ ಇನ್ನೂ ಬಾರದ ದಿನಗಳು, ಭತ್ತ ಬಿತ್ತಲು ಸುಟ್ಟ ಕುರುಚಲು ಕಾಡಿನ ಬೂದಿ ಇಲ್ಲಿಯವರೆಗೂ ಹಾರಿ ಬರುತ್ತಿದೆ, ನಾಲಿಗೆಯ ಮೇಲೆ ಕಹಿ, ಉಬ್ಬರ ತಿರುಗುವುದರೊಳಗೆ ಎರಡು ಬುಟ್ಟಿ ಚಿಪ್ಪುಮೀನು ತುಂಬಬೇಕು, ಒಂದು ಊರಿನ ಪೂಜೆ ನಡೆಸುವ ಕಮೊನ ಅಜ್ಜಿಯ ಗುಡಿಮನೆಗೆ, ಒಂದು ಹಿರಿಯರ ಊಟಕ್ಕೆ, ಯಾಕೆಂದರೆ ಇವತ್ತು ನನ್ನ ಮಗಳು ಇನಾಸ್ಯ ಕಾಡಿಗೆ ಹೋಗುತ್ತಾಳೆ, ಸತ್ತ ನನ್ನ ತಮ್ಮ ಟೊಮೆಯನ್ನು ಮೈಯೊಳಗೆ ಹೊತ್ತುಕೊಂಡು — ಕಾಡಿನ ದೀಕ್ಷೆ ಮುಗಿಸದೆ ಸತ್ತ ಗಂಡಸಿಗೆ ಸತ್ತವರ ನಡುವೆ ಜಾಗವಿಲ್ಲ, ದಡದಲ್ಲೇ ಅಲೆಯುತ್ತಾನೆ, ಆಮೇಲೆ ಅಕ್ಕತಂಗಿಯರ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿಯೊಬ್ಬಳನ್ನು ಹಿಡಿಯುತ್ತಾನೆ, ಅವಳು ಅವನ ಬದಲಿಗೆ ಹೋಗಿ ಮುಗಿಸಿ ಕೊಡಬೇಕು, ನಾಲ್ಕು ಮಳೆಗಾಲ ಅಲೆದ ನನ್ನ ಟೊಮೆ, ಈಗ ನನ್ನ ಮಗಳನ್ನೇ ಹಿಡಿದ, ಸಂಜೆಯಿಂದ ನಾನೂ ಅವಳನ್ನು ಟೊಮೆ ಅಂತಲೇ ಕರೆಯಬೇಕು.

ಏನೇ ಬೆಲ್ಮಿರ, ಕೆಸರಿನ ಹತ್ರ ಮಾತಾಡ್ತಿದ್ದೀಯಾ, ಬುಟ್ಟೀಲಿ ತಳಾನೇ ಕಾಣ್ತಿದೆ, ಹಿರಿಯರಿಗೆ ಗಾಳಿ ಬೇಯಿಸಿ ಹಾಕ್ತೀಯೇನೇ — ಪಕ್ಕದ ಮನೆಯ ಫಿಲುಮೆನ, ಬಗ್ಗಿದಲ್ಲಿಂದಲೇ ತಲೆಯೆತ್ತದೆ ಕೂಗುತ್ತಾಳೆ, ಅವಳ ಚಮಚ ಕೆಸರು ಗೀರುವ ಸದ್ದು ನಿಲ್ಲುವುದಿಲ್ಲ, ನಿನ್ನ ಬಾಯಿ ಇರೋವಾಗ ಗಾಳಿಗೇನು ಬರ ಅನ್ನುತ್ತೇನೆ, ನಗುತ್ತಾಳೆ, ನಾನೂ ನಗುತ್ತೇನೆ, ನಕ್ಕಾಗ ಸೊಂಟದ ಬಟ್ಟೆಯ ಮಡಿಕೆಯಲ್ಲಿ ಪಟದ ಮೂಲೆ ಚುಚ್ಚುತ್ತದೆ, ಬೆಳಿಗ್ಗೆ ಹೆಲೆನ ಕೊಟ್ಟದ್ದು, ಬಿಳಿಯ ಹೆಂಗಸು, ಹಕ್ಕಿ ಎಣಿಸುವವಳು, ಹಕ್ಕಿ ಮಾತ್ರವೇನು, ನಮ್ಮ ಹಾಡು, ಚಿಪ್ಪುಗಳ ಹೆಸರು, ಯಾವ ಮರದ ಕೆಳಗೆ ಯಾರು ಕೂರಬಾರದು, ಎಲ್ಲವನ್ನೂ ಬರೆದುಕೊಂಡು ಹೋದವಳು, ನಾಲ್ಕು ವರ್ಷದ ಮೇಲೆ ದೋಣಿ ಇಳಿದವಳೇ ನನ್ನ ಕೈ ಹಿಡಿದು ಅತ್ತಳು, ಟೊಮೆಯ ಪಟ ಬೇರೆ ಯಾವುದೂ ಇಲ್ಲ ಬೆಲ್ಮಿರ, ಇದೊಂದೇ, ನೀನಿಟ್ಕೋ, ಅಜ್ಜಿಗೂ ಇದರದೇ ಇನ್ನೊಂದು ಪ್ರತಿ ತೆಗೆಸಿ ಕೊಡ್ಲಾ — ಬೇಡ, ಅಜ್ಜಿಗೆ ಕಣ್ಣು ಕಾಣಿಸಲ್ಲ ಅಂದುಬಿಟ್ಟೆ, ನಿಜವೆಂದರೆ ಕಮೊನ ಅಜ್ಜಿಗೆ ಆಚೆ ದ್ವೀಪದ ಹೊಗೆ ನೋಡಿ ಯಾರ ಮನೆಯಲ್ಲಿ ಮೀನು ಸುಡುತ್ತಿದ್ದಾರೆಂದು ಹೇಳುವ ಕಣ್ಣಿದೆ. ಪಟದಲ್ಲಿ ಟೊಮೆ ಉದ್ದ ಕೊಕ್ಕಿನ ಕೆಸರುಹಕ್ಕಿಯನ್ನು ಎದೆಗೆ ಒತ್ತಿ ಹಿಡಿದಿದ್ದಾನೆ, ರೆಕ್ಕೆ ಬಿಚ್ಚಿದೆ, ರೆಕ್ಕೆಯಡಿ ಒಂದು ಹನಿ ರಕ್ತ, ಅವನ ಹೆಬ್ಬೆರಳ ಮೇಲೂ.

ನಾಲ್ಕು ವರ್ಷದ ಹಿಂದೆ ಅವಳ ಮಾತನ್ನು ಅಜ್ಜಿಗೆ ದಾಟಿಸಿದವಳು ನಾನು, ಮಿಷನ್ ಶಾಲೆಯಲ್ಲಿ ಆರು ವರ್ಷ ಕೂತು ಅವರ ಭಾಷೆ ಕಲಿತವಳು ಊರಿನಲ್ಲಿ ನಾನೊಬ್ಬಳೇ ಹೆಂಗಸು, ಗುಡಿಮನೆಯ ಒಳಗೆ ಗಂಡಸಿಗೆ ಬಾಯಿಲ್ಲ, ಅಜ್ಜಿ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು, ಹೆಲೆನ ನಿಧಾನವಾಗಿ, ಮುಚ್ಚುಮರೆಯಿಲ್ಲದೆ ಹೇಳಿದಳು, ನಡುಗಡ್ಡೆಯ ಹಕ್ಕಿಗಳ ಕಾಲಿಗೆ ಉಂಗುರ ಹಾಕುತ್ತೇವೆ, ರೆಕ್ಕೆಯಡಿಯಿಂದ ಒಂದೇ ಒಂದು ಹನಿ ರಕ್ತ ತೆಗೆಯುತ್ತೇವೆ, ಹಕ್ಕಿಗೆ ನೋವಾಗದು, ಎಲ್ಲವನ್ನೂ ಅವರಿಗೆ ಹೇಳು — ಏನಂತಾಳೆ ಆ ಬಿಳಿಯಮ್ಮ, ನೆಟ್ಟಗೆ ಹೇಳೇ ಹುಡುಗಿ — ಹಕ್ಕಿ ಕಾಲಿಗೆ ಉಂಗುರ ಹಾಕ್ತಾಳಂತೆ ಅಜ್ಜಿ — ಯಾಕೆ, ಹಕ್ಕಿಗೇನು ಮದುವೆ ಮಾಡ್ತಾಳಾ, ಎಲ್ಲರೂ ನಕ್ಕರು, ನಗು ಮುಗಿದ ಮೇಲೆ ಅಜ್ಜಿ ಕೇಳಿದರು, ಅಷ್ಟೇನಾ. ಅಷ್ಟೇನಾ. ಬಾಗಿಲ ಹೊರಗೆ ಟೊಮೆ ನಿಂತಿದ್ದ, ನೆರಳು ಹೊಸ್ತಿಲ ಮೇಲೆ ಬಿದ್ದಿತ್ತು, ಹೆಲೆನಳ ದೋಣಿ ನಡೆಸುವ ಕೆಲಸ ಅವನಿಗೆ ಸಿಕ್ಕರೆ ಹಿರಿಯರಿಗೆ ಉಣಿಸುವ ಅಕ್ಕಿ, ಹಸು, ಹೆಂಡ ಎಲ್ಲ ಒದಗುತ್ತಿತ್ತು, ಮುಂದಿನ ಮಳೆಗೆ ಮುಂಚೆ ಕಾಡಿಗೆ ಹೋಗಿ ಬಂದು ಗಂಡಸಾಗುತ್ತಿದ್ದ, ಅಕ್ಕ, ನನ್ನ ವಯಸ್ಸಿನವರೆಲ್ಲ ಹೋಗಿ ಬಂದ್ರು, ನನ್ನನ್ನ ಇನ್ನೂ ಮಕ್ಕಳ ಸಾಲಲ್ಲಿ ಕೂರಿಸ್ತಾರೆ ಅನ್ನುತ್ತಿದ್ದ, ಆದರೆ ರಕ್ತ ಎಂದರೆ ಅಜ್ಜಿ ಬೇಡವೆಂದು ತಲೆಯಾಡಿಸಿಬಿಡುತ್ತಾರೆ, ದೇವರಿಗೆ ಬಿಟ್ಟ ಆ ನಡುಗಡ್ಡೆಯ ಮೇಲೆ ರಕ್ತ ಬೀಳುವಂತಿಲ್ಲ, ಮುಳ್ಳು ಚುಚ್ಚಿದರೂ ಸೀದಾ ನೀರಿಗಿಳಿಯಬೇಕು, ಮುಟ್ಟಾದವಳು ಅದರ ಕಡೆ ದೋಣಿಯ ಮೂತಿಯನ್ನೂ ತಿರುಗಿಸುವುದಿಲ್ಲ, ಅಷ್ಟೇ ಅಜ್ಜಿ, ಅಂದೆ, ಉಂಗುರ ಅಷ್ಟೇ, ಅಜ್ಜಿ ನೆಲಕ್ಕೆ ಹೆಂಡ ಸುರಿದರು, ನೆಲ ಕುಡಿಯಿತು, ಹೆಲೆನ ನನ್ನ ಕಡೆ ತಿರುಗಿ ಒಪ್ಪಿದ್ರಾ, ರಕ್ತಕ್ಕೂ ಒಪ್ಪಿದ್ರಾ ಅಂತ ಕೇಳಿದಳು, ಒಪ್ಪಿದರು ಅಂದೆ, ಒಂದೇ ಬಾಯಲ್ಲಿ ಎರಡು ಕಡೆಗೆ ಎರಡು ಸುಳ್ಳು.

ನಡುಗಡ್ಡೆಯಿಂದ ಬಂದ ಟೊಮೆ ಹೆಬ್ಬೆರಳನ್ನು ತೊಡೆಗೆ ಒರೆಸುತ್ತಲೇ ಇದ್ದ, ಏನೋ ಅದು, ಏನಿಲ್ಲ ಅಕ್ಕ, ಆ ಹಕ್ಕೀದು, ಒಣಗಿಬಿಟ್ಟಿದೆ, ಒಂದು ಹನಿ ಮರಳಿಗೂ ಬಿತ್ತು, ಮೇಲೆ ಮರಳು ಎಳೆದುಬಿಟ್ಟೆ, ಅಜ್ಜಿಗೆ ಗೊತ್ತಿದೆ ತಾನೇ — ಗೊತ್ತಿದೆ ಕಣೋ — ಅವನಿಗೂ ಒಂದು ಸುಳ್ಳು, ಮೂರಾಯಿತು, ಒಂಬತ್ತನೆಯ ದಿನ ಎಣ್ಣೆ ತಾಳೆಯ ಮರದ ತುದಿಯಿಂದ ಬಿದ್ದ, ಸೊಂಟದ ಬಳ್ಳಿ ಹಳೆಯದಾಗಿತ್ತು, ಹೊಸದು ಹೆಣೆದುಕೋ ಎಂದು ನಾನೇ ಎರಡು ಸಲ ಹೇಳಿದ್ದೆ, ಬಳ್ಳಿಯ ತುಂಡನ್ನು ಎತ್ತಿ ನೋಡಿದೆ, ಇಲಿ ಕಡಿದ ಹಾಗಿತ್ತು, ಬಳ್ಳಿಯೇ ಇರಬಹುದು, ಬರೀ ಬಳ್ಳಿಯೇ — ಆದರೆ ಹೆಲೆನ ಇವತ್ತು ಬೆಳಿಗ್ಗೆ ಏನಂದಳು, ಆ ಹನಿಯಿಂದ ಎಷ್ಟೆಲ್ಲ ತಿಳಿಯಿತು ಗೊತ್ತಾ ಬೆಲ್ಮಿರ, ಅದು ಹಿಮದ ನಾಡಿನಲ್ಲಿ ಹುಟ್ಟಿದ ಹಕ್ಕಿ, ನಿಮ್ಮ ಕೆಸರಿನ ಹುಳ ತಿಂದೇ ಮತ್ತೆ ಅಲ್ಲಿಗೆ ಹಾರುವ ಕಸುವು ಪಡೆಯುತ್ತೆ, ಎಲ್ಲಾ ಆ ಒಂದು ಹನಿಯಲ್ಲಿತ್ತು — ಒಂದು ಹನಿಗೆ ಅಷ್ಟೆಲ್ಲ ಗೊತ್ತಿದ್ದರೆ ಮರಳಿಗೆ ಬಿದ್ದ ಇನ್ನೊಂದಕ್ಕೆ ಏನೇನು ಗೊತ್ತಿರಬೇಡ.

ಸ್ಸ್, ಚಿಪ್ಪಿನ ಅಂಚು, ಹೆಬ್ಬೆರಳು ಸೀಳಿತು, ಕೆಂಪು ಕೆಸರಿಗಿಳಿದು ಕಪ್ಪಾಗುತ್ತದೆ, ಬಾಯಿಗಿಟ್ಟುಕೊಳ್ಳುತ್ತೇನೆ, ಉಪ್ಪು, ಕೊಯ್ಕೊಂಡ್ಯಾ, ಫಿಲುಮೆನ ಹತ್ತಿರ ಬಂದು ಸೊಂಟ ನೆಟ್ಟಗೆ ಮಾಡುತ್ತಾಳೆ, ದನಿ ತಗ್ಗಿಸುತ್ತಾಳೆ, ಇವತ್ತು ಅಜ್ಜಿ ಮೂರು ಸಲ ಕೇಳ್ತಾರೆ ಗೊತ್ತಲ್ಲ, ಇವನ ಸಾವಿನ ಮಾತು ಯಾರ ಹತ್ರ ಇದೆ ಅಂತ, ಅವನು ಯಾಕೆ ಸತ್ತ ಅಂತ ಗೊತ್ತಿದ್ದೋರು ಹೇಳದೇ ಹೋದ್ರೆ ಸತ್ತೋನೂ ದಾಟಲ್ಲ, ಹುಡುಗೀನೂ ಪೂರ್ತಿ ವಾಪಸ್ ಬರಲ್ಲ, ಆಚೆ ಊರಿನ ಜುಸ್ತಿನ ನೋಡು, ಈಗ್ಲೂ ತಾನೇ ಹೆತ್ತ ಮಗೂನ ಇದು ಯಾರ ಮಗು ಅಂತಾಳೆ, ನಿನ್ನ ತಮ್ಮಂದೇನು ಬಿಡು, ಮರದಿಂದ ಬಿದ್ದ, ಊರಿಗೆಲ್ಲ ಗೊತ್ತು. ಹೌದು, ಊರಿಗೆಲ್ಲ ಗೊತ್ತು. ಹೇಳಿದರೆ, ನಡುಗಡ್ಡೆಯ ಮಾತು ಮುರಿದವಳಿಗೆ ಯಾರೂ ಬೆಂಕಿ ಕೊಡುವುದಿಲ್ಲ, ನೀರು ಕೊಡುವುದಿಲ್ಲ, ದೋಣಿಯಲ್ಲಿ ಕೂರಿಸಿ ಆಚೆ ದಾಟಿಸಿಬಿಡುತ್ತಾರೆ, ಇನಾಸ್ಯ ಕಾಡಿನಿಂದ ಬಂದಾಗ ತಾಯಿಯ ಮನೆಯ ಒಲೆಯಲ್ಲಿ ಹುಲ್ಲು ಬೆಳೆದಿರುತ್ತದೆ, ಅಂದೇ ಹೇಳಿದ್ದರೆ ಒಂದು ಹಂದಿ, ಒಂದು ಹುಂಜ, ಮೂರು ದಿನದ ಉಪವಾಸದಲ್ಲಿ ಮುಗಿಯುತ್ತಿತ್ತು, ಆಗ ಟೊಮೆ ಬದುಕಿದ್ದ, ಒಂಬತ್ತು ದಿನ ಸಮಯವಿತ್ತು ನನಗೆ — ಫಿಲುಮೆನ ಆಚೆ ತಿರುಗಿದಳು, ಮಡಿಕೆಯಿಂದ ಪಟ ತೆಗೆದು ಅವನ ಮುಖ ಒಮ್ಮೆ ನೋಡಿ ಕೆಸರಿಗೆ ತುರುಕುತ್ತೇನೆ, ಮೊಣಕೈ ತನಕ, ನೀರು ಬರುತ್ತಿದೆ, ತೆಳ್ಳಗೆ, ಸದ್ದಿಲ್ಲದೆ, ಬೆರಳ ಗುರುತುಗಳನ್ನು ಮುಚ್ಚುತ್ತ.

ಗುಡಿಮನೆಯ ಅಂಗಳ, ಬುಟ್ಟಿಗಳು ಒಲೆಯ ಹತ್ತಿರ, ಇನಾಸ್ಯಳ ತಲೆ ಬೋಳಿಸಿದ್ದಾರೆ, ಮೈಗೆಲ್ಲ ತಾಳೆ ಎಣ್ಣೆ, ಕೈಯಲ್ಲಿ ಟೊಮೆಯ ದೋಣಿಯ ಹುಟ್ಟು, ಅಮ್ಮಾ ಅನ್ನುತ್ತಾಳೇನೋ ಎಂದು ನೋಡುತ್ತೇನೆ, ಅನ್ನುವುದಿಲ್ಲ, ಅನ್ನಬಾರದು, ಅಜ್ಜಿ ಕೋಲಿನಿಂದ ನೆಲ ಮುಟ್ಟಿ ಕೇಳುತ್ತಾರೆ, ಇವನ ಸಾವಿನ ಮಾತು ಯಾರ ಹತ್ರ ಇದೆ, ಚಿಪ್ಪು ಕುದಿಯುವ ಸದ್ದು, ಮತ್ತೆ ಕೇಳುತ್ತಾರೆ, ಬಾಯಿ ತೆರೆದರೆ ಇನ್ನೂ ಉಪ್ಪು, ಮೂರನೆಯ ಸಲ ಅಜ್ಜಿ ನನ್ನನ್ನೇ ನೋಡುತ್ತಾರೆ, ಕಾಣಿಸಲ್ಲ ಅಂತ ನಾನಂದ ಆ ಕಣ್ಣು, ಅಷ್ಟೇನಾ ಅನ್ನುತ್ತಾರೆ — ಅಷ್ಟೇ ಅಜ್ಜಿ, ನನ್ನ ಬಾಯಿಯೇ, ಮರದಿಂದ ಬಿದ್ದ, ಅಷ್ಟೇ. ಹೆಂಡ ಸುರಿಯುತ್ತಾರೆ, ಈ ಸಲ ನೆಲ ಕುಡಿಯುವುದಿಲ್ಲ, ಮೇಲೆಯೇ ನಿಲ್ಲುತ್ತದೆ, ಅಥವಾ ನನಗೆ ಹಾಗೆ ಕಾಣುತ್ತದೆ, ಹೆಂಗಸರು ಹಾಡುತ್ತ ಅವಳನ್ನು ನಡೆಸಿಕೊಂಡು ಹೋಗುತ್ತಾರೆ, ನಡಿ ಟೊಮೆ, ನಡಿಯೋ, ಕಾಡಿನ ಬಾಯಲ್ಲಿ ಅವಳು ಒಮ್ಮೆ ತಿರುಗುತ್ತಾಳೆ, ಪಟ ಕೆಸರಿನಲ್ಲಿದೆ, ಅವಳು ಅದನ್ನು ನೋಡಿಲ್ಲ, ಯಾರೂ ನೋಡಿಲ್ಲ, ಅವಳು ಹುಟ್ಟನ್ನು ಎಡಗೈಗೆ ಬದಲಿಸಿ ಬಲಗೈಯ ಹೆಬ್ಬೆರಳನ್ನು ತೊಡೆಗೆ ಒರೆಸುತ್ತಾಳೆ, ಎಣ್ಣೆ ಇರಬೇಕು, ಎಣ್ಣೆಯೇ, ಮತ್ತೆ ಒರೆಸುತ್ತಾಳೆ, ಹೋಗುವುದಿಲ್ಲ, ಮತ್ತೆ, ಹೆಬ್ಬೆರಳು, ತೊಡೆ, ಹೆಬ್ಬೆರಳು